ಹೊನ್ನೆಮರಡು: ಇದು ಸಿನಿಮಾ ನೀರಲ್ಲ ಗುರೂ!

ತಾಳಗುಪ್ಪದಲ್ಲಿ ರೈಲು ಇಳಿದಾಗ ಡಿಸೆಂಬರ್ ಚಳಿ ಗದಗುಟ್ಟಿಸುತ್ತಿತ್ತು. ನಾವು ಮೂವರು ಗೆಳೆಯರು. ಹೆಗಲಲ್ಲಿ ಬ್ಯಾಗು, ತಲೆ ತುಂಬ ‘ಮುಂಗಾರು ಮಳೆ’! 2006ರಲ್ಲಿ ಗಣೇಶ್ ಜೋಗದ ನೆತ್ತಿಯ ಮೇಲೆ ಕುಣಿದದ್ದನ್ನು ಟಾಕೀಸಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ ಹುಡುಗರು ನಾವು. ಆ ಜೋಗಕ್ಕೆ ಬೀಳುವ ಶರಾವತಿ, ಅದಕ್ಕೂ ಮೊದಲು ಗುಡ್ಡಗಳ ನಡುವೆ ಕಡಲಿನಂತೆ ಮಲಗಿರುತ್ತಾಳೆ. ಅದೇ ಲಿಂಗನಮಕ್ಕಿ ಹಿನ್ನೀರು. ಅದರ ದಡದಲ್ಲಿದೆ ಹೊನ್ನೆಮರಡು.

ಎಂಥ ಸೀನರಿ ಅಂತೀರಿ! ಎತ್ತ ನೋಡಿದರೂ ನೀರು, ನಡುನಡುವೆ ಹಸಿರು ಟೋಪಿ ಹಾಕಿಕೊಂಡ ನಡುಗಡ್ಡೆಗಳು. ಅಲ್ಲಿ ಹರಿಗೋಲು ಹತ್ತಬಹುದು, ಕಯಾಕ್ ಹುಟ್ಟು ಹಾಕಬಹುದು, ಟೆಂಟ್ ಹೊಡೆದು ನಕ್ಷತ್ರ ಎಣಿಸುತ್ತಾ ಮಲಗಬಹುದು. ರಾತ್ರಿ ಮೂರು ಕಲ್ಲಿನ ಒಲೆಯ ಮೇಲೆ ಬೆಂದ ಅನ್ನ, ಹೊಗೆ ವಾಸನೆಯ ಸಾರು... ಯಾವ ಸ್ಟಾರ್ ಹೋಟೆಲ್ಲಿಗೂ ಕಮ್ಮಿಯಿಲ್ಲ.

ಎಡವಟ್ಟಾಗಿದ್ದು ಮರುದಿನ ಬೆಳಿಗ್ಗೆ. “ಜಾಕೆಟ್ ಬಿಚ್ಚಬೇಡಿ” ಎಂದು ಹರಿಗೋಲಿನವರು ಹತ್ತು ಸಲ ಹೇಳಿದ್ದರು. ಹರಿಗೋಲು ದಡ ಮುಟ್ಟುವ ಹೊತ್ತಿಗೆ ನಮ್ಮ ಗೆಳೆಯ ಲೈಫ್ ಜಾಕೆಟ್ ಕಳಚಿ ಎಸೆದು, “ಲೋ, ಮೊಬೈಲ್ ಆನ್ ಮಾಡೋ, ಎಂಟ್ರಿ ಶಾಟ್!” ಎಂದವನೇ ಬಂಡೆ ಏರಿ ಹಾರೇ ಬಿಟ್ಟ.

ಧಡ್! ಮೇಲೆ ಬಂದಿದ್ದು ಹೀರೋ ಅಲ್ಲ, ಒಂದು ಕೂಗು. ನೀರೊಳಗಿನ ಮರದ ಬೊಡ್ಡೆಗೆ ಕಾಲು ಬಡಿದಿತ್ತು. ಈಜು ಬರುತ್ತಿದ್ದವನಿಗೆ ನೋವಿನಲ್ಲಿ ಕೈಯೇ ಆಡಲಿಲ್ಲ. ಎರಡು ಸಲ ಮುಳುಗಿದ. ಹರಿಗೋಲಿನವರು ಹುಟ್ಟು ಚಾಚಿ ಎಳೆದುಕೊಳ್ಳುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಆ ಕ್ಷಣ ನನ್ನ ಕಣ್ಮುಂದೆ ಬಂದದ್ದು 2016ರ ನವೆಂಬರ್ 7. ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯ, ‘ಮಾಸ್ತಿಗುಡಿ’ ಕ್ಲೈಮ್ಯಾಕ್ಸ್ ಚಿತ್ರೀಕರಣ. ಖಳನಟರಾದ ಅನಿಲ್ ಮತ್ತು ಉದಯ್ ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರಿನಿಂದ ಹಾರಿದರು. ದಡ ಸೇರಲಿಲ್ಲ. ಕಲ್ಲಿನಂಥ ಮೈ ಕಟ್ಟಿದ ಗಂಡುಗಲಿಗಳಿಗೇ ನೀರು ಕರುಣೆ ತೋರಲಿಲ್ಲ. ಇನ್ನು ನಮ್ಮಂಥವರು?

ಬೈಯುತ್ತಾರೇನೋ ಎಂದುಕೊಂಡರೆ, ಹರಿಗೋಲಿನವರು ಗೆಳೆಯನ ಕಾಲಿಗೆ ಬಟ್ಟೆ ಕಟ್ಟುತ್ತಾ ಮೆಲ್ಲಗೆ ಹೇಳಿದರು: “ಬರೀ ನೀರು ಅಂದ್ಕೊಂಡ್ಯಾ ತಮ್ಮಾ? ಕೆಳಗೆ ನಮ್ಮಜ್ಜನ ಕಾಲದ ಊರಿದೆ. ಗದ್ದೆ, ತೋಟ, ಮನೆ ಎಲ್ಲಾ ಅಲ್ಲೇ ಹೋಯ್ತು. ನಿನ್ನ ಕಾಲಿಗೆ ತಾಗಿದ್ದು ಆ ಊರಿನ ಮರ.”

ನಿಜ ಓದುಗರೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಇಲ್ಲಿನ ಹಳ್ಳಿಗಳು ಮುಳುಗಿದವು. ತುಂಬಿದರೆ 151 ಟಿಎಂಸಿಗೂ ಹೆಚ್ಚು ನೀರು! 1948ರ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿ ಕೂತಿದೆ; ಬೇಸಿಗೆಯಲ್ಲಿ ನೀರಿಳಿದರೆ ಅದು ತಲೆ ಎತ್ತುತ್ತದೆ. ನಮ್ಮಪ್ಪನ ಕಾಲದವರು ಅಣ್ಣಾವ್ರ ಪಿಕ್ಚರಿಗೆ ಶಿಳ್ಳೆ ಹೊಡೆದ ಎಷ್ಟೋ ಟಾಕೀಸುಗಳಲ್ಲಿ ಬೆಳಗಿದ್ದು ಈ ಶರಾವತಿಯ ಕರೆಂಟೇ. ಪರದೆಗೆ ಬೆಳಕು ಬಂತು, ಇವರ ಊರಿಗೆ ಕತ್ತಲೆ ಕವಿಯಿತು. ನೆಲ ಬಿಟ್ಟು ಎದ್ದವರಲ್ಲಿ ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಕುಟುಂಬಗಳಿವೆ.

ನೀವೂ ಹೋಗಿ ಬನ್ನಿ. ಸಾಗರದವರೆಗೆ ಬಸ್ಸಿದೆ, ತಾಳಗುಪ್ಪದವರೆಗೆ ರೈಲಿದೆ. ಮಳೆಗಾಲ ಬೇಡ. ಮೊದಲೇ ವಿಚಾರಿಸಿ, ಒಪ್ಪಿಗೆ ಪಡೆದು ಹೊರಡಿ. ಬಾಟಲಿ, ಪ್ಲಾಸ್ಟಿಕ್ ಎಸೆದು ಬರಬೇಡಿ. ಜಾಕೆಟ್ ಹಾಕಿಕೊಂಡರೆ ಗಂಡಸುತನ ಕಮ್ಮಿಯಾಗದು.

ನಮ್ಮ ಗೆಳೆಯ ಈಗ ಸ್ವಲ್ಪ ಕುಂಟುತ್ತಾನೆ. ಆ ‘ಎಂಟ್ರಿ ಶಾಟ್’ ಮೊಬೈಲಿನಲ್ಲಿ ಇನ್ನೂ ಇದೆ. ಯಾರಿಗೂ ತೋರಿಸುವುದಿಲ್ಲ.