ಚಿಕಾಗೋದಲ್ಲಿ ಒಬ್ಬ ಶ್ರಾವಕನ ಹೆಜ್ಜೆಗುರುತು



ಚಿಕಾಗೋ ಎಂದೊಡನೆ ನಮ್ಮ ಕಡೆಯ ಶಾಲೆಯ ಮಕ್ಕಳಿಗೂ ನೆನಪಾಗುವುದು ಸ್ವಾಮಿ ವಿವೇಕಾನಂದರು. ಅದು ಯೋಗ್ಯವೇ. ಆದರೆ 1893ರ ಸೆಪ್ಟೆಂಬರ್ 11ರಿಂದ 27ರವರೆಗೆ ನಡೆದ ಆ ಸರ್ವಧರ್ಮ ಮಹಾಸಭೆಯಲ್ಲಿ ಜೈನಧರ್ಮದ ಪರವಾಗಿಯೂ ಒಬ್ಬರು ಮಾತನಾಡಿದರು, ಅವರ ಹೆಸರು ವೀರಚಂದ ರಾಘವಜಿ ಗಾಂಧಿ ಎಂಬುದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ನಾವು ದಂಪತಿಗಳು ಆ ಸ್ಥಳವನ್ನು ನೋಡಿಯೇ ಬಂದೆವು.

ಸಭೆ ನಡೆದ ಕಟ್ಟಡ ಇಂದು ‘ಆರ್ಟ್ ಇನ್‌ಸ್ಟಿಟ್ಯೂಟ್’ ಎಂಬ ದೊಡ್ಡ ಕಲಾಸಂಗ್ರಹಾಲಯ. ಮುಂದಿನ ರಸ್ತೆ ಮಿಶಿಗನ್ ಅವೆನ್ಯೂ. ಹಿಂದೆ ರೈಲುಹಳಿ, ಅದರಾಚೆ ಸಮುದ್ರದಂಥ ಸರೋವರ. ಬಾಗಿಲ ಇಕ್ಕೆಲಗಳಲ್ಲಿ ಹಸಿರುಗಟ್ಟಿದ ಕಂಚಿನ ಸಿಂಹಗಳು. ಸಿಂಹ ಮಹಾವೀರಸ್ವಾಮಿಯ ಲಾಂಛನವಲ್ಲವೇ, ನಮ್ಮ ಮನೆಯವರು ಕೈಮುಗಿದೇ ಬಿಟ್ಟರು! ಆದರೆ ಈ ಸಿಂಹಗಳನ್ನು ಇಟ್ಟದ್ದು 1894ರಲ್ಲಿ. ವೀರಚಂದರು ಬಂದಾಗ ಇರಲಿಲ್ಲ. ಅವರು ಮಾತನಾಡಿದ ತಾತ್ಕಾಲಿಕ ಸಭಾಂಗಣವೂ ಈಗ ಇಲ್ಲ.

ಆಮಂತ್ರಣ ಬಂದದ್ದು ಶ್ವೇತಾಂಬರ ಆಚಾರ್ಯ ವಿಜಯಾನಂದಸೂರಿಗಳಿಗೆ, ಅಂದರೆ ಆತ್ಮಾರಾಮಜಿಯವರಿಗೆ. ಪಾದವಿಹಾರಿಗಳಾದ ಸಾಧುಗಳು ಹಡಗು ಹತ್ತುವಂತಿಲ್ಲ. ನಮ್ಮ ದಿಗಂಬರ ಮುನಿಗಳ ವಿಷಯವನ್ನಂತೂ ಹೇಳಬೇಕಾದ್ದೇ ಇಲ್ಲ. ಆಗ ಆಚಾರ್ಯರು 29 ವರ್ಷದ ಒಬ್ಬ ಶ್ರಾವಕನನ್ನು ಕರೆದು, ಶಾಸ್ತ್ರ ಹೇಳಿಕೊಟ್ಟು, ‘ಚಿಕಾಗೋ ಪ್ರಶ್ನೋತ್ತರ’ ಎಂಬ ಗ್ರಂಥವನ್ನೇ ಬರೆದರು. ಪರದೇಶದ ಸಭೆಯಲ್ಲಿ ಜೈನಧರ್ಮಕ್ಕೆ ಬಾಯಿಯಾಗುವ ಹೊಣೆ ಗೃಹಸ್ಥನದೆಂಬುದು ಅಂದೇ ನಿಶ್ಚಯವಾಯಿತೆಂದು ನಮಗೆ ತೋರುತ್ತದೆ.

ಈ ತರುಣ ಬರೀ ಭಾಷಣಕಾರರಲ್ಲ. 1885ರಿಂದ ಜೈನ ಅಸೋಸಿಯೇಶನ್ನಿನ ಕಾರ್ಯದರ್ಶಿ. ಪಾಲಿತಾಣದ ಠಾಕೂರರು ಶತ್ರುಂಜಯಕ್ಕೆ ಹೋಗುವ ಪ್ರತಿ ಯಾತ್ರಿಕನ ಮೇಲೆ 2 ರೂಪಾಯಿ ಸುಂಕ ಹಾಕಿದ್ದರು. (ಶತ್ರುಂಜಯ ನಮಗೂ ಸಿದ್ಧಕ್ಷೇತ್ರವೆಂಬುದನ್ನು ಮರೆಯಬಾರದು.) ವೀರಚಂದರು ಮುಂಬಯಿ ಗವರ್ನರ್ ಲಾರ್ಡ್ ರೇಯವರ ತನಕ ಹೋಗಿ ವಾದಿಸಿದರು. 1886ರಲ್ಲಿ ಒಪ್ಪಂದವಾಯಿತು: ತಲೆಗಂದಾಯ ರದ್ದು, ಬದಲಿಗೆ ವರ್ಷಕ್ಕೆ 15,000 ರೂಪಾಯಿ, 40 ವರ್ಷಗಳ ಕಾಲ. ನಾವು ವ್ಯಾಪಾರಿಗಳು, ಲೆಕ್ಕ ಹಾಕದೆ ಇರಲಾರೆವು. ಅದು 7,500 ಯಾತ್ರಿಕರ ಸುಂಕ. ಅದಕ್ಕೆ ಮೇಲೆ ಎಷ್ಟೇ ಜನ ಬಂದರೂ ಒಂದು ಪೈಸೆ ಹೆಚ್ಚಿಲ್ಲ! ಒಪ್ಪಂದ 1926ರಲ್ಲಿ ಮುಗಿದಾಗ ಸಂಸ್ಥಾನ ಮತ್ತೆ ಕೈಚಾಚಿತು. ಆಗ ಶ್ರಾವಕರು ಎರಡು ವರ್ಷ ಬೆಟ್ಟವನ್ನೇ ಹತ್ತಲಿಲ್ಲ. 1928ರಲ್ಲಿ ವರ್ಷಕ್ಕೆ 60,000ಕ್ಕೆ ಕುದುರಿತು.

ಇಂಥ ಅನುಭವವಿದ್ದವರನ್ನು ಚಿಕಾಗೋಕ್ಕೆ ಕಳಿಸಿದ್ದು. ಅಲ್ಲಿ ಪೆಂಟಿಕಾಸ್ಟ್ ಎಂಬ ಪಾದ್ರಿ ಹಿಂದೂ ದೇವಾಲಯಗಳ ದೇವದಾಸಿಯರ ವಿಷಯ ಎತ್ತಿ ಭಾರತದ ಧರ್ಮವನ್ನೇ ಹಳಿದಾಗ ಎದ್ದು ಉತ್ತರ ಕೊಟ್ಟವರು ಈ ಜೈನರು. ಅದು ತನ್ನ ಮತದ ಮಾತಲ್ಲವೆಂದು ಸುಮ್ಮನಿರಬಹುದಿತ್ತು. ಇರಲಿಲ್ಲ. ಆ ಕೊರೆಯುವ ಚಳಿಯಲ್ಲಿ ಕಾಯಿಪಲ್ಯವನ್ನೇ ತಿಂದು ದೇಶಕ್ಕಾಗಿ, ಧರ್ಮಕ್ಕಾಗಿ ಹೋರಾಡುತ್ತಾರೆಂದು ವಿವೇಕಾನಂದರೇ 1894ರಲ್ಲಿ ಜುನಾಗಢದ ದಿವಾನರಿಗೆ ಬರೆದ ಪತ್ರದಲ್ಲಿ ಮೆಚ್ಚಿಕೊಂಡಿದ್ದಾರೆ. ಮರಳಿ ಬಂದಾಗ ಮಾತ್ರ ಸ್ವಧರ್ಮೀಯರಲ್ಲೇ ಕೆಲವರು ಸಮುದ್ರ ದಾಟಿದ್ದಕ್ಕೆ ಆಕ್ಷೇಪ ಎತ್ತಿದರು! 1901ರಲ್ಲಿ, 37 ತುಂಬುವ ಮೊದಲೇ, ಅವರು ತೀರಿಕೊಂಡರು. ದಿಗಂಬರರಲ್ಲಿ ಬ್ಯಾರಿಸ್ಟರ್ ಚಂಪತರಾಯ ಜೈನರು 1933ರಲ್ಲಿ ಇದೇ ಊರಿನ ಸರ್ವಧರ್ಮ ಸಮ್ಮೇಲನಕ್ಕೆ ಬಂದು ಮಾತನಾಡಿದರು. ಅವರೂ ಗೃಹಸ್ಥರೇ.

ಸಂಗ್ರಹಾಲಯದಿಂದ ಸ್ವಲ್ಪ ನಡೆದರೆ ಪಾಮರ್ ಹೌಸ್ ಹೋಟೆಲು. ಮಹಾಸಭೆ 100 ವರ್ಷಗಳ ನಂತರ, 1993ರಲ್ಲಿ, ಮತ್ತೆ ಕೂಡಿದ್ದು ಇಲ್ಲಿ. ಅಂದು ಹೊರಡಿಸಿದ ಜಾಗತಿಕ ನೀತಿಯ ಘೋಷಣೆಯ ನಾಲ್ಕು ಸಂಕಲ್ಪಗಳಲ್ಲಿ ಮೊದಲನೆಯದೇ ಅಹಿಂಸೆ ಮತ್ತು ಜೀವಗೌರವ. 2018ರಲ್ಲಿ ಭೂಮಿಯ ರಕ್ಷಣೆಯನ್ನು ಐದನೆಯದಾಗಿ ಸೇರಿಸಿದರು. ಕಾಗದದಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಪಾಲಿತಾಣದ್ದೂ ಕಾಗದವೇ, 40 ವರ್ಷ ನಡೆಯಿತು.

ನಮ್ಮ ಕೊರಗು ಬೇರೆ. ನಿಸರ್ಗರಕ್ಷಣೆಗೆ ಧರ್ಮಗಳನ್ನು ಕೂಡಿಸುವ ಸಂಘಟನೆ 1986ರಲ್ಲಿ ಇಟಲಿಯ ಅಸ್ಸಿಸಿಯಲ್ಲಿ ಐದು ಧರ್ಮಗಳೊಂದಿಗೆ ಆರಂಭವಾಯಿತು. ಜಲಗಾಲನ ಮಾಡಿ ಕುಡಿಯುವ ನಾವು ಅದರಲ್ಲಿ ಇರಲಿಲ್ಲ. ಎಂಟನೆಯವರಾಗಿ ಸೇರಿದ್ದು 1990ರ ಅಕ್ಟೋಬರ್ 23ರಂದು, ಲಕ್ಷ್ಮೀಮಲ್ಲ ಸಿಂಘ್ವಿಯವರು ಬರೆದ ಜೈನ ನಿಸರ್ಗ ಘೋಷಣೆಯನ್ನು ಲಂಡನ್ನಿನ ಅರಮನೆಯಲ್ಲಿ ರಾಜಕುಮಾರ ಫಿಲಿಪ್‌ರಿಗೆ ಅರ್ಪಿಸಿದಾಗ. ಪಂಥಕ್ಕೊಂದು, ಪ್ರಾಂತಕ್ಕೊಂದು ಸಂಸ್ಥೆ ಇರುವಾಗ ಕರೆಯುವವರಾದರೂ ಯಾರ ವಿಳಾಸಕ್ಕೆ ಬರೆಯಬೇಕು? ಸಿದ್ಧಕ್ಷೇತ್ರಗಳ ಹಕ್ಕಿಗಾಗಿ ನಾವು ನಾವೇ ಕೋರ್ಟಿನಲ್ಲಿ ಸುರಿದ ಹಣದಲ್ಲಿ ಎಷ್ಟು ವೀರಚಂದರನ್ನು ಓದಿಸಬಹುದಿತ್ತು!

ವೀರಚಂದರ ಪ್ರತಿಮೆ ಇರುವುದು ಬಾರ್ಟ್‌ಲೆಟ್ ಎಂಬಲ್ಲಿನ ಜಿನಮಂದಿರದಲ್ಲಿ, ತಲೆಗೆ ಕಾಠಿಯಾವಾಡಿ ಪಾಗು. ನಗರದಿಂದ ಸುಮಾರು 50 ಕಿಲೋಮೀಟರು. ಯೂನಿಯನ್ ಸ್ಟೇಶನ್ನಿನಿಂದ ಬಾರ್ಟ್‌ಲೆಟ್‌ವರೆಗೆ ರೈಲಿದೆ, ಮುಂದೆ ಟ್ಯಾಕ್ಸಿ ಮಾಡಬೇಕು. ಜೂನ್ ತಿಂಗಳಲ್ಲಿ ಹೋದರೆ ಹೊತ್ತು ಮುಳುಗುವುದು ಎಂಟೂವರೆಗೆ, ಊಟಕ್ಕೆ ಅವಸರವಿಲ್ಲ. ಡಿಸೆಂಬರಿನಲ್ಲಿ ಹೋಗುವವರು ನಾಲ್ಕು ಗಂಟೆಗೇ ಡಬ್ಬಿ ಬಿಚ್ಚತಕ್ಕದ್ದು.