ಜಾಲಿ ಕೆಂಡದ ಸುತ್ತ

ಬಳ್ಳಾರಿಯ ಬಾಡಿಗೆ ಕೋಣೆಯಲ್ಲಿ ನಾವು ಬಾಡು ಬೇಯಿಸುವುದು ಕಿಟಕಿ ಮುಚ್ಚಿ. ಕೋಣೆ ಹಿಡಿಯುವಾಗ ಮನೆಯೊಡೆಯರು ಜಾತಿ ಕೇಳಲಿಲ್ಲ. "ಏನ್ ಉಣ್ತೀರಿ?" ಅಂದರು. ಜಾತಿ ಕೇಳುವ ಹೊಸ ರೀತಿ ಅದು. ಮನೆತನದಲ್ಲೇ ಮೊದಲು ಡಿಗ್ರಿ ಮಾಡಿದ ನಾವು, ಸಭೆಯಲ್ಲಿ ಎದ್ದು ನಿಂತು ಕವಿತೆ ಓದುವ ನಾವು, "ಅನ್ನ, ಸಾರು ರೀ" ಅಂದೆವು. ಅಂದಿನಿಂದ ಕುಕ್ಕರ್ ಕೂಗಿದರೆ ಎದೆ ಹೊಡಕೊಳ್ಳುತ್ತದೆ. ಎರಡು ಊದಿನಕಡ್ಡಿ ಹಚ್ಚಿಡುತ್ತೇವೆ. ದೇವರಿಗಲ್ಲ, ವಾಸನೆಗೆ.

ಅದಕ್ಕೇ 2022ರ ಏಪ್ರಿಲ್ 14ಕ್ಕೆ, ಬಾಬಾಸಾಹೇಬರ ಜಯಂತಿಯ ರಜೆಗೆ, ಬಯಲಲ್ಲಿ ಬೆಂಕಿ ಹಾಕಬೇಕು ಅಂತ ಮನಸ್ಸು ಮಾಡಿದೆವು. ಕುರುಗೋಡಿನ ಬಂಡೆಗುಡ್ಡದ ಕೆಳಗೆ ಸೋದರಮಾವನದು ಒಂದೆಕರೆ ಹೊಲ. ಮೆಣಸಿನಕಾಯಿ ಬಿಡಿಸಿ ಬರಿದಾಗಿತ್ತು. ಸಿರುಗುಪ್ಪದ ದೊಡ್ಡಪ್ಪನ ಮನೆಯವರು, ಬಳ್ಳಾರಿಯ ಗೆಳೆಯರು, ಕೇರಿಯ ಮಂದಿ ಎಲ್ಲ ಸೇರಿ ನಲವತ್ತು ತಲೆ. ಸಾರು ಬೇಡ, ಕೆಂಡದ ಮೇಲೆ ಸುಡೋಣ ಅಂದೆವು. ಪೇಟೆಯ ದೊಡ್ಡ ಹೋಟೆಲುಗಳಲ್ಲಿ ಇದಕ್ಕೆ ಬಾರ್ಬೆಕ್ಯೂ ಅನ್ನುತ್ತಾರೆ. ಅಜ್ಜಿ ಕೇಳಿ ನಕ್ಕಳು. "ಸುಟ್ಟ ಬಾಡಿಗೆ ಅಷ್ಟು ಉದ್ದದ ಹೆಸರೇನೋ?"

ಲೆಕ್ಕ ಹಾಕಲು ಕೂತಾಗ ತಿಳಿಯಿತು, ಆ ಒಂದು ದಿನದ ಮೇಲೆ ಎಷ್ಟು ಪಂಚಾಂಗ ಬಿದ್ದಿವೆ ಅಂತ. ಅವತ್ತೇ ಮಹಾವೀರ ಜಯಂತಿ. ಪೇಟೆಯಲ್ಲಿ ಮಾಂಸದಂಗಡಿ ಬಾಗಿಲು. ವಾರ ಗುರುವಾರ, ಮಂತ್ರಾಲಯದ ರಾಯರಿಗೆ ನಡಕೊಳ್ಳುವ ಹಾಸ್ಟೆಲ್ ಗೆಳೆಯ ಅಂದು ಬಾಡು ಮುಟ್ಟುವುದಿಲ್ಲ. ಮರುದಿನ ಗುಡ್ ಫ್ರೈಡೆ. ಸಿರುಗುಪ್ಪದ ದೊಡ್ಡಪ್ಪನ ಮನೆಯವರು ಚರ್ಚಿಗೆ ಹೋಗುವವರು, ಉಪವಾಸದ ನಲವತ್ತು ದಿನ ಮಾಂಸ ಬಿಟ್ಟವರು. ರಂಜಾನ್ ತಿಂಗಳು ಬೇರೆ. ನಮ್ಮ ಜೀವದ ಗೆಳೆಯ ಹೊತ್ತು ಮುಳುಗುವ ತನಕ ನೀರೂ ಕುಡಿಯುವುದಿಲ್ಲ.

ದಿನ ಬದಲಿಸಿರಿ ಅಂದವರಿದ್ದರು. ನಾವು ಒಪ್ಪಲಿಲ್ಲ. ಎಲ್ಲರ ಹಬ್ಬಕ್ಕೂ ನಾವು ದಿನ ಬಿಟ್ಟುಕೊಟ್ಟೇ ಬಂದಿದ್ದೇವೆ.

ದೊಡ್ಡದರ ಮಾತನ್ನು ಯಾರೂ ಎತ್ತಲಿಲ್ಲ. 1964ರ ಕಾಯ್ದೆ ಮುದಿ ಎತ್ತಿನ ಮಟ್ಟಿಗಾದರೂ ದಾರಿ ಬಿಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದದ್ದೆಲ್ಲ ಮುಚ್ಚಿತು. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಬಡವರ ಮಾಂಸಕ್ಕೆ ಜೈಲು, ಉಳ್ಳವರ ಮಾಂಸಕ್ಕೆ ಮೆನು ಕಾರ್ಡು. ಹನ್ನೊಂದು ಮನೆಯಿಂದ ತಲಾ ಒಂದು ಸಾವಿರ ಕೂಡಿಸಿ, ಕುರಿಹಟ್ಟಿಯಿಂದ ಬಳ್ಳಾರಿ ತಳಿಯ ಒಂದು ಟಗರು ತಂದೆವು. ಹದಿನೈದು ಕಿಲೋ ಬಾಡು ಬಿದ್ದೀತು ಅಂತ ಅಂದಾಜು.

ಕೊಯ್ಯುವವರು ಯಾರು? ಜಗಳ ಶುರುವಾದದ್ದು ಇಲ್ಲಿ. ಆ ವರ್ಷದ ಯುಗಾದಿ ಹೊತ್ತಿಗೆ ರಾಜ್ಯದ ತುಂಬ ಹಲಾಲ್ ಬೇಡ ಅನ್ನುವ ಗದ್ದಲ ಎದ್ದಿತ್ತು. ಜಾತ್ರೆಗಳಲ್ಲಿ ಸಾಬರು ಅಂಗಡಿ ಹಾಕಬಾರದು ಅಂತ ಬ್ಯಾನರು ಬಿದ್ದಿದ್ದವು. ಮೊದಲಿಂದ ನಮ್ಮಲ್ಲಿ ಕೊಯ್ಯುವುದು ಗೆಳೆಯನ ಚಿಕ್ಕಪ್ಪ. ಈ ಸಲ ಚಿಕ್ಕಪ್ಪನ ಮಗ, ಜೀನ್ಸ್ ಕಾರ್ಖಾನೆಯಲ್ಲಿ ಗುಂಡಿ ಹಾಕುವ ನಮ್ಮ ತಮ್ಮನೇ, ಮೊಬೈಲ್ ತೋರಿಸಿ ಅಂದ: "ಅವ್ರು ಕೊಯ್ದಿದ್ದು ನಾನು ತಿನ್ನಂಗಿಲ್ಲ."

ನಮಗೆ ಮಾತು ಹೊರಡಲಿಲ್ಲ. ಬೇರೆಯವರು ಅಂದಿದ್ದರೆ ಉತ್ತರವಿತ್ತು. ಪದ್ಯವೂ ಇತ್ತು. ನಮ್ಮ ಮನೆಯ ಹುಡುಗನೇ ಅಂದಾಗ ಓದಿದ್ದೆಲ್ಲ ಗಂಟಲಲ್ಲಿ ಸಿಕ್ಕಿಕೊಂಡಿತು. ಅಜ್ಜಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು. ತಲೆ ಎತ್ತದೆ ಅಂದಳು:

"ಏ ತಮ್ಮಾ, ನಮ್ ಕೈ ನೀರು ಕುಡೀದ ಮಂದಿ ಮಾತು ಕೇಳಿ, ನಮ್ ತಾಟಿನ್ಯಾಗ ಉಂಡೋರ್ನ ಬಿಡ್ತೀಯೇನು?"

ಅವನು ಎದ್ದು ಹೋದ. 13ರ ರಾತ್ರಿ ಹೊಲದಲ್ಲಿ ಚಿಕ್ಕಪ್ಪನೇ ಕೊಯ್ದರು.

ಏಪ್ರಿಲ್ ಸೆಕೆಯಲ್ಲಿ ಬಾಡು ಕೆಡದಂತೆ ಇಡುವುದು ಅಜ್ಜಿಯ ವಿದ್ಯೆ. ಬಾಡನ್ನು ಬೆರಳಗಲ ಸೀಳಿ, ಉಪ್ಪು, ಅರಿಷಿಣ, ಕುರುಗೋಡು ಸೀಮೆಯ ಖಾರದಪುಡಿ ತಿಕ್ಕಿ, ಹಗ್ಗಕ್ಕೆ ಸರ ಕಟ್ಟಿ, ತೆಳುಬಟ್ಟೆ ಹೊದಿಸಿ ಗಾಳಿಗೆ ಬಿಟ್ಟಳು. ಬರಗಾಲದಲ್ಲಿ ಖಂಡ ಒಣಗಿಸಿಟ್ಟು ಮಕ್ಕಳನ್ನು ಉಳಿಸಿದ ಕೈ ಅದು. ಕಾರ್ಜ ಮಾತ್ರ ತಡೆಯುವುದಿಲ್ಲ. ಆ ರಾತ್ರಿಯೇ ಸುಟ್ಟು ಮಕ್ಕಳಿಗೆ ಕೊಟ್ಟೆವು. ತಲೆ, ಕಾಲು ಅಡುಗೆ ಮಾಡುವ ಅತ್ತೆಯ ಪಾಲು.

ಸೌದೆಗೆ ದುಡ್ಡು ಕೊಡಲಿಲ್ಲ. ಹಳ್ಳದ ದಂಡೆಗೆಲ್ಲ ಬಳ್ಳಾರಿ ಜಾಲಿ. ಹೆಸರಿಗೆ ನಮ್ಮೂರಿಂದು, ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1870ರ ದಶಕದಲ್ಲಿ, ಅರಣ್ಯದ ಸಾಹೇಬರು ಬೀಜ ತರಿಸಿದರು. ಈಗ ಯಾರಿಗೂ ಬೇಡ. ಮುಳ್ಳು, ನೆಲ ಬಿಡದ ಬೇರು. ಆದರೆ ಅದರ ಇದ್ದಲಿ ಸುಟ್ಟು ಮಾರಿ ಬದುಕಿದ ಸಂಸಾರಗಳು ನಮ್ಮ ಸೀಮೆಯಲ್ಲಿ ಲೆಕ್ಕವಿಲ್ಲ. ಇದರ ದಾಯಾದಿ ಮರಕ್ಕೆ ಅಮೆರಿಕದಲ್ಲಿ ಮೆಸ್ಕೀಟ್ ಅನ್ನುತ್ತಾರಂತೆ. ಟೆಕ್ಸಾಸಿನವರು ಮಾಂಸ ಸುಡುವುದಕ್ಕೆ ಅದನ್ನೇ ಹುಡುಕಿ ಕೊಳ್ಳುತ್ತಾರಂತೆ. ಅಜ್ಜಿಗೆ ಹೇಳಿದೆವು. "ಹಂಗಾರ ನಾವು ಮೊದ್ಲಿಂದ ಶ್ರೀಮಂತರ ಬೆಂಕಿನೇ ಹಾಕೀವಿ ಬಿಡು" ಅಂದಳು.

14ರ ಬೆಳಿಗ್ಗೆ ಬಳ್ಳಾರಿಯಲ್ಲಿ ಮೆರವಣಿಗೆ, ನೀಲಿ ಬಾವುಟ, ಹಾರ, ಭಾಷಣ. ಮಧ್ಯಾಹ್ನ ಬಸ್ಸು ಹಿಡಿದು ಹೊಲಕ್ಕೆ ಬಂದೆವು. ಗುಡ್ಡದ ಬಂಡೆ ಕಾದು ಹಂಚಾಗಿತ್ತು. ಬಿಸಿಲು ವಾಲಿದ ಮೇಲೆ ಮಾರುದ್ದದ ಗುಂಡಿ ತೋಡಿ, ನಾಲ್ಕೂವರೆಗೆ ಬೆಂಕಿ ಕೊಟ್ಟೆವು. ಉರಿಯ ಮೇಲೆ ಬಾಡು ಇಡಬಾರದು. ಹೊರಗೆ ಕರಕು, ಒಳಗೆ ಹಸಿ. ಹೊಗೆ ಸತ್ತು, ಕೆಂಡ ಬೂದಿ ಹೊದ್ದ ಮೇಲೆ ಸುಡಬೇಕು. ಅದಕ್ಕೆ ಎರಡು ತಾಸು. ಹೊತ್ತು ಮುಳುಗುವುದೂ ಆರೂವರೆ ಸುಮಾರಿಗೆ. ಗೆಳೆಯನ ರೋಜಾ ಮತ್ತು ಜಾಲಿ ಕೆಂಡ ಒಂದೇ ಗಡಿಯಾರಕ್ಕೆ ನಡೆದವು.

ಮೊದಲು ಬದನೆಕಾಯಿ ಸುಟ್ಟೆವು. ಬಾಡಿನ ಜಿಡ್ಡು ಬೀಳುವ ಮುಂಚೆ ದೊಡ್ಡಪ್ಪನ ಮನೆಯವರಿಗೆ, ಗುರುವಾರದ ಗೆಳೆಯನಿಗೆ ಆಗಲಿ ಅಂತ. ಬೇರೆ ಒಲೆ ಹೂಡಲಿಲ್ಲ. ಗೆಳೆಯ ಬಾಡು ಬಿಟ್ಟದ್ದಕ್ಕೆ ನಮಗೆ ಸಿಟ್ಟಿಲ್ಲ. ನಮ್ಮ ಅತ್ತೆ ಕೈಯಿಂದ ಬಡಿದ ರೊಟ್ಟಿ, ಚಿವುಟಿ ಕಲಸಿದ ಬಜ್ಜಿ ತಿನ್ನುತ್ತಾನೋ ಇಲ್ಲವೋ, ಅದು ಪರೀಕ್ಷೆ. ಅವನು ಮೂರನೆಯ ರೊಟ್ಟಿಗೆ ಕೈ ಚಾಚಿದಾಗ ಅತ್ತೆ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು. 

ಆಜಾನ್ ಕೇಳಿತು. ಗೆಳೆಯ ಖರ್ಜೂರ ಬಾಯಿಗೆ ಹಾಕಿಕೊಂಡು ನೀರು ಕುಡಿದ. ನಮ್ಮ ಕೊಡದ ನೀರು. ನಿಂಬೆಹಣ್ಣು ಹಿಂಡಿ, ಸೈಕಲ್ ಕಡ್ಡಿಗೆ ಬಾಡು ಪೋಣಿಸಿ ಕೆಂಡದ ಮೇಲೆ ಸಾಲಾಗಿ ಇಟ್ಟೆವು. ಕೊಬ್ಬು ತೊಟ್ಟಿಕ್ಕಿ ಚುರ್ ಅಂದಿತು. ಸಿರುಗುಪ್ಪದ ಸೋನಾಮಸೂರಿ ಅನ್ನ, ಉಳ್ಳಾಗಡ್ಡಿ, ಮಜ್ಜಿಗೆ. ನಲವತ್ತು ಮಂದಿ ಕೆಂಡದ ಸುತ್ತ ನೆಲಕ್ಕೆ ಕೂತರು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದರು. ಸತ್ತ ದನದ ಮಾಂಸ ಬಿಡಿರಿ ಅಂತಲೂ ನಮ್ಮವರಿಗೆ ಹೇಳಿದರು. ಅವರು ಬಿಡು ಅಂದದ್ದು ಎಂಜಲನ್ನು, ಭಿಕ್ಷೆಯನ್ನು. ಇದು ನಾವು ದುಡ್ಡು ಹಾಕಿ ತಂದದ್ದು. ಯಾರ ಹಿತ್ತಿಲಿನದೂ ಅಲ್ಲ.

ಎದ್ದು ಹೋದ ತಮ್ಮ ಹೊತ್ತು ಮುಳುಗುವಾಗ ಬಂದ. ಮಾತಾಡಲಿಲ್ಲ. ರಟ್ಟು ಹಿಡಿದು ಕೆಂಡಕ್ಕೆ ಗಾಳಿ ಹಾಕುತ್ತ ಕೂತ. ಗೆಳೆಯ ಒಂದು ಕಡ್ಡಿ ಚಾಚಿದ. ತೆಗೆದುಕೊಳ್ಳಲಿಲ್ಲ. ಗೆಳೆಯ ಅದನ್ನು ತಾಟಿನಲ್ಲಿಟ್ಟು ಮುಚ್ಚಿದ. ಬೆಳಿಗ್ಗೆ ನೋಡಿದರೆ ಕಡ್ಡಿ ಬರಿದು. "ನಾಯಿ ತಿಂದಿರ್ಬೇಕು" ಅಂದಳು ಅಜ್ಜಿ, ತಾಟು ತೊಳೆಯುತ್ತ. ತಾಟಿನ ಮೇಲೆ ಮುಚ್ಚಳ ಮುಚ್ಚಿದಂತೆಯೇ ಇತ್ತು. ನಾವು ಯಾರೂ ಏನೂ ಕೇಳಲಿಲ್ಲ.

ಅವನು ತಿಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತ ನಾವು ಬರೆಯುವುದಿಲ್ಲ. ಅವನ ಮೊಬೈಲಿಗೆ ಅಂಥವು ಬರುವುದು ನಿಂತಿಲ್ಲ.

ಉಳಿದ ಇದ್ದಲಿಗೆ ನೀರು ಚಿಮುಕಿಸಿ ಚೀಲಕ್ಕೆ ತುಂಬಿ ಅಜ್ಜಿ ಮನೆಗೆ ಒಯ್ದಳು. ನಾವು ಬಳ್ಳಾರಿಗೆ ಬಂದೆವು. ಅಂಗಿ, ಕೂದಲು ಎಲ್ಲ ಹೊಗೆ. ಮೆಟ್ಟಿಲ ಹತ್ತಿರ ಮನೆಯೊಡೆಯರು ಮೂಗು ಏರಿಸಿದರು. "ಏನ್ರಿ ಅದು ವಾಸನಿ?"

ಊದಿನಕಡ್ಡಿ ನೆನಪಾಯಿತು. ಅನ್ನ ಸಾರು ನೆನಪಾಯಿತು.

"ಬಾಡಿಂದು ರೀ. ನಮ್ ಹಬ್ಬ ಇತ್ತು," ಅಂದೆವು.

ಅವರು ಏನೂ ಅನ್ನಲಿಲ್ಲ. ನಾವು ಮೇಲೆ ಹೋಗಿ ಕಿಟಕಿ ತೆರೆದೆವು.