ಶಿಕಾಗೊದಿಂದ ಅಕ್ಕನಿಗೆ

ಎವನ್‌ಸ್ಟನ್,
ಅಕ್ಟೋಬರ್, ಬೆಳಗಿನ ಜಾವ ಮೂರು ಗಂಟೆ

 

ಕೊಲಂಬಸ್ಸಿನಿಂದ ಕಾರಿನಲ್ಲಿ ಆರು ಗಂಟೆಯ ಹಾದಿ ಸವೆಸಿ ನಾವು ಮೂವರೂ ಸುಖವಾಗಿ ಇಲ್ಲಿಗೆ ಬಂದು ಸೇರಿದ್ದೇವೆಂಬುದನ್ನು ಮೊದಲು ತಿಳಿಸಿ ನಿನ್ನ ಆತಂಕವನ್ನು ಪರಿಹರಿಸುತ್ತೇನೆ. ಸೊಸೆಯೂ ಮಗುವೂ ಗಾಢನಿದ್ರೆಯಲ್ಲಿದ್ದಾರೆ. ನನಗೆ ಮಾತ್ರ ಮೈಸೂರಿನ ಮಧ್ಯಾಹ್ನ ಇನ್ನೂ ದೇಹವನ್ನು ಬಿಟ್ಟು ತೊಲಗಿಲ್ಲವಾದುದರಿಂದ, ಸ್ನಾನಗೃಹದ ದೀಪವೊಂದನ್ನೇ ಹೊತ್ತಿಸಿಕೊಂಡು ಬರೆಯುತ್ತಿದ್ದೇನೆ. ಭಾವನವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಹಾಕಬೇಕಾದ ಹನಿಗಳನ್ನು ಹೊತ್ತು ತಪ್ಪದೆ ಹಾಕುತ್ತಿದ್ದೀಯಷ್ಟೆ?

ಮೊಮ್ಮಗಳ ಕಾಲೇಜು ಪ್ರವೇಶಕ್ಕೆ ನಾರ್ತ್‌ವೆಸ್ಟರ್ನ್, ಶಿಕಾಗೊ ಎರಡು ಕಡೆಗೂ ಅರ್ಜಿ ಹಾಕಿ, ದೊರೆತ ಕಡೆಗೆ ಹೋದರಾಗದೆ ಎಂದು ನೀನು ಫೋನಿನಲ್ಲಿ ಕೇಳಿದೆ. ಹಾಗೆ ಹಾಕುವ ಮಾರ್ಗವೂ ಇದೆ. ಆದರೆ ನಿನ್ನ ಮಗ ಹಿಡಿದಿರುವುದು ಅದಲ್ಲ. ಇವನು ಹೇಳುವ ಅರ್ಜಿಯನ್ನು ನವೆಂಬರ್ 1ರೊಳಗೆ ಒಂದೇ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಬೇಕು. ಅದರೊಂದಿಗೆ, ನೀವು ಸೇರಿಸಿಕೊಂಡರೆ ನಾನು ಬಂದೇ ಬರುವೆನು, ಉಳಿದೆಡೆಯ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆಯುವೆನು ಎಂಬ ಪ್ರತಿಜ್ಞಾಪತ್ರಕ್ಕೆ ಮಗುವೂ, ತಂದೆತಾಯಿಯರಲ್ಲೊಬ್ಬರೂ, ಶಾಲೆಯ ಕೌನ್ಸೆಲರೂ ಸಹಿ ಹಾಕಬೇಕು. ಡಿಸೆಂಬರಿನ ಮಧ್ಯದಲ್ಲಿ ಉತ್ತರ ಬರುತ್ತದೆ. ಹೀಗೆ ವಚನ ಕೊಟ್ಟವರಿಗೆ ಪ್ರವೇಶ ಸುಲಭವಾಗುವುದೆಂಬ ನಂಬಿಕೆಗೆ ಆಧಾರವಿಲ್ಲದಿಲ್ಲ. ನಾರ್ತ್‌ವೆಸ್ಟರ್ನ್ ತನ್ನ ಹೊಸ ತರಗತಿಯ ಸುಮಾರು ಅರ್ಧವನ್ನು ಈ ಬಗೆಯಲ್ಲಿಯೇ ತುಂಬಿಕೊಳ್ಳುತ್ತದೆ.

ಆ ನಾರ್ತ್‌ವೆಸ್ಟರ್ನನ್ನು ಮೊನ್ನೆ ನೋಡಿದೆವು. 1851ರಲ್ಲಿ ಸ್ಥಾಪಿತವಾದುದು, ಸಮುದ್ರವೆಂದೇ ಭ್ರಮಿಸಬಹುದಾದ ಮಿಷಿಗನ್ ಸರೋವರದ ತೀರದಲ್ಲಿದೆ. 1921ರಿಂದ ನಡೆದುಬಂದಿರುವ ಇಲ್ಲಿನ ಪತ್ರಿಕೋದ್ಯಮ ಶಾಲೆಯನ್ನು ಕಂಡು ಸೊಸೆಗೆ ಬಹಳ ಸಂತೋಷವಾಯಿತು. ನಿನ್ನೆ ಕಾರನ್ನು ಹೋಟೆಲಿನಲ್ಲಿಯೇ ಬಿಟ್ಟು, ರೈಲಿನಲ್ಲಿ ನಗರದ ದಕ್ಷಿಣಕ್ಕೆ, ಶಿಕಾಗೊ ವಿಶ್ವವಿದ್ಯಾನಿಲಯಕ್ಕೆ ಹೋದೆವು. ಅಲ್ಲಿ ಗಣಿತ ಓದುವವನೂ ಕಾವ್ಯ ಓದುವವನೂ ಮೊದಲ ವರ್ಷಗಳಲ್ಲಿ ಮೂಲಗ್ರಂಥಗಳ ಸುತ್ತ ಒಂದೇ ಮೇಜಿನಲ್ಲಿ ಕುಳಿತು ಚರ್ಚಿಸತಕ್ಕದ್ದೆಂಬ ಕ್ರಮವಿದೆ. ನಮ್ಮ ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದ ಎ. ಕೆ. ರಾಮಾನುಜನ್ ಅವರು 1993ರಲ್ಲಿ ತೀರಿಕೊಳ್ಳುವವರೆಗೂ ಅಧ್ಯಾಪಕರಾಗಿದ್ದುದು ಅಲ್ಲಿಯೇ. ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಇಂಗ್ಲಿಷಿಗೆ ತಂದ ಅವರ ಪುಸ್ತಕ ಪ್ರಕಟವಾದುದೂ ಅವರು ಅಲ್ಲಿದ್ದಾಗಲೇ. ಇದನ್ನು ಹೇಳಿದಾಗ ಮಗು ಏನೂ ಮಾತನಾಡದೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಆದರೆ ನಾನು ಬರೆಯಬೇಕೆಂದು ಕುಳಿತದ್ದು ಬೇರೆಯೇ. ಹಿಂದಿರುಗುವಾಗ 57ನೆಯ ಬೀದಿಯ ನಿಲ್ದಾಣದಲ್ಲಿ ರೈಲು ಕಣ್ಣೆದುರಿಗೇ ಹೊರಟುಹೋಯಿತು. ಸರೋವರದ ಕಡೆಯಿಂದ ಬೀಸುವ ಗಾಳಿ ಶಾಲನ್ನೂ ಸ್ವೆಟರನ್ನೂ ಭೇದಿಸಿ ಮೂಳೆಗೆ ನಾಟುತ್ತಿತ್ತು. ಬೆಂಚಿನ ಮೇಲೆ ನೀಲಿ ಉಣ್ಣೆಯ ಟೋಪಿ ಧರಿಸಿ ಕುಳಿತಿದ್ದ ಕರಿಯ ವೃದ್ಧೆಯೊಬ್ಬರು, ನನ್ನ ಬೆರಳುಗಳು ನಡುಗುತ್ತಿದ್ದುದನ್ನು ಕಂಡು, ಒಂದು ಮಾತನ್ನೂ ಆಡದೆ ತಮ್ಮ ಕೈಗವಸುಗಳನ್ನು ಬಿಚ್ಚಿ, ಮಗುವಿಗೆ ತೊಡಿಸುವಂತೆ ಒಂದೊಂದೇ ಬೆರಳನ್ನು ಒಳಕ್ಕೆ ಸೇರಿಸಿ ನನಗೆ ತೊಡಿಸಿದರು. ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿ ಚಹಾ ಬಗ್ಗಿಸಿ ಕೊಟ್ಟರು. ಬಂದ ಕಾರಣವನ್ನು ಸೊಸೆ ತಿಳಿಸಿದಾಗ, ತಾವು ಈ ಊರಿನ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕೌನ್ಸೆಲರಾಗಿದ್ದವರೆಂದೂ, ಇಂಥ ಪ್ರತಿಜ್ಞಾಪತ್ರಗಳ ಮೂರನೆಯ ಸಹಿ ಎಷ್ಟೋ ಸಲ ತಮ್ಮದೇ ಆಗಿತ್ತೆಂದೂ ಹೇಳಿದರು.

ನಿನ್ನ ಮಗನ ಯೋಜನೆಯನ್ನು ಸೊಸೆ ವಿವರಿಸಿದಳು. ಶಿಕಾಗೊದಲ್ಲಿ ಜನವರಿಯಲ್ಲಿ ಇಂಥದೇ ಎರಡನೆಯ ಸುತ್ತುಂಟು, ನಾರ್ತ್‌ವೆಸ್ಟರ್ನಿನಲ್ಲಿ ಇಲ್ಲ. ಆದುದರಿಂದ ಮೊದಲು ನಾರ್ತ್‌ವೆಸ್ಟರ್ನಿಗೆ ವಚನ ಕೊಟ್ಟು, ಅವರು ಒಲ್ಲೆವೆಂದರೆ ಶಿಕಾಗೊಗೆ ಕೊಟ್ಟರಾಯಿತು ಎಂಬುದು ಅವನ ಲೆಕ್ಕ. ಆಕೆ ಅದನ್ನು ಅಲ್ಲಗಳೆಯಲಿಲ್ಲ, ಮಗುವಿನ ಕಡೆಗೆ ತಿರುಗಿ, "ಮೊದಲನೆಯವರೇ ಒಪ್ಪಿಬಿಟ್ಟರೆ ಎರಡನೆಯದು ನಿನಗೆ ಎಂದೆಂದಿಗೂ ಇಲ್ಲ, ಅದು ನಿನಗೆ ಸಮ್ಮತವೇನಮ್ಮ?" ಎಂದು ಕೇಳಿದರು. ಮಗುವಿನ ಕಣ್ಣು ತುಂಬಿತು. ತಾಯಿಯೆದುರಿಗೆ ಈವರೆಗೆ ಆಡದಿದ್ದ ಮಾತು ಆಗ ಹೊರಬಿತ್ತು: ತನಗೆ ಬೇಕಾದುದು ಶಿಕಾಗೊ, ಅದೊಂದೇ.

ಅನಂತರ ಹಣದ ಮಾತು ಬಂತು. ನೆರವು ಸಾಲದೆ ಹೋದರೆ ವಚನದಿಂದ ಬಿಡುಗಡೆ ಬೇಡಬಹುದು, ನಿಜ. ಆದರೆ ಸಾಮಾನ್ಯ ಸುತ್ತಿನಲ್ಲಿ ಅರ್ಜಿ ಹಾಕಿದವರು ನಾಲ್ಕಾರು ಕಡೆಯ ನೆರವಿನ ಪತ್ರಗಳನ್ನು ಪಕ್ಕಪಕ್ಕ ಇರಿಸಿ ಮೇ 1ರವರೆಗೆ ತೂಗಿ ನೋಡುವ ಅವಕಾಶ ಇವರಿಗಿಲ್ಲ, ಕೈಗೆ ಬರುವುದು ಒಂದೇ ಪತ್ರ. ಸರ್ಕಾರದ ವಿದ್ಯಾರ್ಥಿ ನೆರವಿಗೆ ಒಳಪಟ್ಟ ಪ್ರತಿ ಕಾಲೇಜೂ ಖರ್ಚಿನ ಅಂದಾಜು ತೋರಿಸುವ ಲೆಕ್ಕದ ಸಾಧನವನ್ನು ತನ್ನ ಜಾಲತಾಣದಲ್ಲಿ ಇಡಲೇಬೇಕೆಂದು ಇಲ್ಲಿ ಕಾನೂನಿದೆ. ಅದನ್ನು ತುಂಬಿ ನೋಡದೆ ಬಂದ ಪೋಷಕರ ಸಹಿಯನ್ನು ತಾವು ಒಪ್ಪುತ್ತಿರಲಿಲ್ಲವೆಂದರು. ನಿನ್ನ ಮಗ ಅದನ್ನು ಇನ್ನೂ ತೆರೆದೇ ನೋಡಿಲ್ಲ. ಮನೆಯ ಸಾಲದ ಕಂತು ನಡೆಯುತ್ತಿದೆ, ಚಿಕ್ಕವನ ಓದು ಹಿಂದೆಯೇ ಬರುತ್ತಿದೆ. ರೈಲು ಬಂದಾಗ ಕೈಗವಸುಗಳನ್ನು ಹಿಂದಿರುಗಿಸಹೋದರೆ ಆಕೆ ತೆಗೆದುಕೊಳ್ಳಲಿಲ್ಲ. ಆಕೆಯ ಹೆಸರನ್ನೂ ಕೇಳಲಾಗಲಿಲ್ಲ. ದೇವರು ಆಕೆಗೆ ಆಯುರಾರೋಗ್ಯವನ್ನು ಕೊಡಲಿ.

ಮರೆಯುವ ಮುನ್ನ: ನೀನು ಕಟ್ಟಿಕೊಟ್ಟ ಹುಳಿಪುಡಿ ಮುಗಿಯುತ್ತ ಬಂದಿದೆ, ಮುಂದಿನ ತಿಂಗಳು ಬರುವವರ ಕೈಯಲ್ಲಿ ಅರ್ಧ ಕಿಲೋ ಕಳುಹಿಸು. ಮಹಡಿಯ ಬಾಡಿಗೆಯವರಿಗೆ ನೀರಿನ ಮೋಟಾರು ಬೇಗನೆ ನಿಲ್ಲಿಸುವಂತೆ ಹೇಳು.

ಅಕ್ಕ, ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಬರೆಯುತ್ತೇನೆ. ನಾಲ್ಕು ವರ್ಷ ಕಾಲೇಜಿನಲ್ಲಿ ಇರಬೇಕಾದವಳು ಮಗು. ಇಂಥ ಏಕೈಕ ವಚನವನ್ನು, ಬಾಗಿಲು ಎಲ್ಲಿ ಸುಲಭವಾಗಿ ತೆರೆದೀತೆಂದು ಎಣಿಸಿ ಕೊಡಬಾರದು. ಮನಸ್ಸು ಎಲ್ಲಿ ನಿಂತಿದೆಯೋ ಅಲ್ಲಿಗೆ ಕೊಡಬೇಕು, ಅದೂ ಲೆಕ್ಕ ಮಾಡಿ ಮುಗಿಸಿದ ಮೇಲೆ. ಲೆಕ್ಕ ಸರಿಹೋಗದಿದ್ದರೆ ಯಾರಿಗೂ ವಚನ ಕೊಡದೆ ಸಾಮಾನ್ಯ ಸುತ್ತಿಗೆ ಕಾಯುವುದೇ ಲೇಸು. ನಾನು ಹೇಳಿದರೆ ಅವನು ನಗುತ್ತಾನೆ. ಆದರೆ ತಾಯಿಯ ಮಾತನ್ನು ತಳ್ಳಿಹಾಕುವವನಲ್ಲ. ಬೆಳಗಾದ ಮೇಲೆ ಈ ಕಾಗದದ ಫೋಟೋ ತೆಗೆದು ಭಾವನವರ ಫೋನಿಗೆ ಕಳುಹಿಸುತ್ತೇನೆ, ನೀನೇ ಅವರಿಗೆ ಓದಿ ಹೇಳು. ಅವರು ಕಣ್ಣಿಗೆ ಶ್ರಮ ಕೊಡುವುದು ಬೇಡ. ಇನ್ನು ನಾಳೆ ಹಾದಿಯಲ್ಲಿ ಡೆವನ್ ಬೀದಿಯ ಭಾರತೀಯ ಅಂಗಡಿಗಳಲ್ಲಿ ಮಗುವಿಗೆ ಒಂದು…

ಮಗು ಎದ್ದಿತು, ದೀಪ ಆರಿಸುತ್ತೇನೆ. ಈ ಭಾನುವಾರವೇ ತಪ್ಪದೆ ನಿನ್ನ ಮಗನಿಗೆ ಫೋನು ಮಾಡು.